ಎಂಪಿಸಿ ನೋಟಿಸ್ ಬಂದಿದೆಯಾ? ನೆರವು ಎಲ್ಲೆಲ್ಲಿ ಸಿಗುತ್ತದೆ, ಕೇಳುವುದು ಹೇಗೆ

ಪರೀಕ್ಷೆ ನಡೆಯುತ್ತಿರುವಾಗ ನಕಲು ಹಿಡಿಯುವ ಸ್ಕ್ವಾಡ್ ಬರುತ್ತದೆ. ಬೆಂಚಿನ ಕೆಳಗೆ ಚೀಟಿ ಸಿಗುತ್ತದೆ. ಉತ್ತರ ಪತ್ರಿಕೆ ತೆಗೆದುಕೊಂಡು, ಒಂದು ಹಾಳೆ ಮುಂದಿಟ್ಟು ‘ಬರೆದುಕೊಡು’ ಅನ್ನುತ್ತಾರೆ. ಎಂಪಿಸಿ, ಅಂದರೆ ಪರೀಕ್ಷಾ ಅಕ್ರಮದ ಕೇಸು, ಎಷ್ಟೋ ಸಲ ಶುರುವಾಗುವುದು ಹೀಗೆ. ತಪ್ಪು ಮಾಡಿರಲಿ, ಬಿಡಲಿ, ನಿಮ್ಮ ಮಾತು ಕೇಳದೆ ವಿಶ್ವವಿದ್ಯಾಲಯ ಶಿಕ್ಷೆ ಕೊಡುವ ಹಾಗಿಲ್ಲ.

ಹಾಲ್‌ನಲ್ಲೇ ಮಾಡಬೇಕಾದ್ದು

ಖಾಲಿ ಹಾಳೆಗೆ ಸಹಿ ಹಾಕಲೇಬೇಡಿ. ಬೇರೆಯವರು ಬರೆದ ಹೇಳಿಕೆಗೂ ಓದದೆ ಸಹಿ ಬೇಡ. ನಡೆದದ್ದನ್ನಷ್ಟೇ ಬರೆಯಿರಿ: ‘ಚೀಟಿ ನನ್ನ ಬೆಂಚಿನ ಕೆಳಗೆ ಬಿದ್ದಿತ್ತು. ನನ್ನ ಕೈಯಲ್ಲಾಗಲಿ ಜೇಬಿನಲ್ಲಾಗಲಿ ಇರಲಿಲ್ಲ. ಅಕ್ಷರ ನನ್ನದಲ್ಲ.’ ಕೆಳಗೆ ದಿನಾಂಕ, ಸಮಯ ಹಾಕಿ. ಚೀಟಿ ನಿಮ್ಮದೇ ಆಗಿದ್ದರೆ ಸುಳ್ಳು ಕಟ್ಟಬೇಡಿ. ಅದನ್ನು ನೋಡಿ ಬರೆದಿರಾ ಇಲ್ಲವಾ ಅನ್ನುವುದನ್ನು ಹೇಳಿ. ಚೀಟಿ ಇಟ್ಟುಕೊಂಡದ್ದಕ್ಕೂ ನಕಲು ಮಾಡಿದ್ದಕ್ಕೂ ಎಷ್ಟೋ ಕಡೆ ಶಿಕ್ಷೆ ಬೇರೆ ಬೇರೆ.

ನೋಟಿಸ್ ಬಂದ ಮೇಲೆ

ಉತ್ತರ ಕೊಡಲು ಯಾವತ್ತು ಕಡೇ ದಿನ ಅಂತ ಮೊದಲು ನೋಡಿ. ಕುಲಸಚಿವರಿಗೆ (ಮೌಲ್ಯಮಾಪನ) ಅರ್ಜಿ ಬರೆದು ಈ ಮೂರರ ಪ್ರತಿ ಕೇಳಿ: ಕೊಠಡಿ ಮೇಲ್ವಿಚಾರಕರ ವರದಿ, ಸಿಕ್ಕ ಚೀಟಿ, ನೀವು ಮುರಿದಿರಿ ಅನ್ನುವ ನಿಯಮ. ಇವನ್ನು ನೋಡದೆ ಸರಿಯಾದ ಉತ್ತರ ಬರೆಯುವುದು ಹೇಗೆ, ಅಲ್ವಾ? ಅರ್ಜಿಯ ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಸುಮ್ನೆ ಬಾಯಲ್ಲಿ ಕೇಳಿ ಬಂದರೆ ಕೇಳಿದ್ದಕ್ಕೆ ದಾಖಲೆಯೇ ಇರುವುದಿಲ್ಲ. ಕೊಡದಿದ್ದರೆ 10 ರೂಪಾಯಿ ಶುಲ್ಕದ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಬಹುದು. ಅದಕ್ಕೆ 30 ದಿನ ಹಿಡಿಯಬಹುದು, ಹಾಗಾಗಿ ವಿಚಾರಣೆಗೆ ಸಮಯ ಬೇಕೆಂದು ಜೊತೆಗೇ ಬರೆದುಕೊಡಿ.

ಉತ್ತರವನ್ನು ಕಳಿಸುವ ಮೊದಲು ನಂಬಿಕೆಯ ಮೇಷ್ಟ್ರಿಗೋ, ವಿಭಾಗದ ಮುಖ್ಯಸ್ಥರಿಗೋ ತೋರಿಸಿ. ವಿದ್ಯಾರ್ಥಿ ಕ್ಷೇಮಪಾಲನಾ ಅಧಿಕಾರಿ ಇದ್ದರೆ ಅವರನ್ನೂ ಕಾಣಿ. ವಿಚಾರಣೆಗೆ ಜೊತೆಯಲ್ಲಿ ಒಬ್ಬರನ್ನು ಕರೆತರಬಹುದಾ ಎಂದು ಮೊದಲೇ ಕೇಳಿಕೊಳ್ಳಿ.

ಮನೆಯಲ್ಲಿ ಹೇಳಿ

ಅಪ್ಪನಿಗೆ ಗೊತ್ತಾದರೆ ಏನು ಗತಿ ಅನ್ನುವ ಭಯ ನೋಟಿಸಿಗಿಂತ ಜಾಸ್ತಿ ಕಾಡುತ್ತದೆ. ನೇರವಾಗಿ ಹೇಳಲು ಆಗದಿದ್ದರೆ ಅಕ್ಕನ ಮೂಲಕವೋ ಮಾವನ ಮೂಲಕವೋ ಹೇಳಿಸಿ. ಡಿಬಾರ್ ಆದರೂ ಕಳೆದುಹೋಗುವುದು ಒಂದೆರಡು ಸೆಮಿಸ್ಟರ್ ಇರಬಹುದು, ಬದುಕಲ್ಲ. ನಿದ್ದೆ ಬರುತ್ತಿಲ್ಲ, ಸಾಯೋಣ ಅನ್ನಿಸುತ್ತಿದೆ ಅಂದರೆ ಈಗಲೇ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಆದೇಶ ಸರಿಯಿಲ್ಲ ಅನ್ನಿಸಿದರೆ

ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2023ರ ನಿಯಮದಂತೆ ಪ್ರತಿ ವಿಶ್ವವಿದ್ಯಾಲಯ, ಕಾಲೇಜಿನಲ್ಲೂ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು. ಸಂಸ್ಥೆ ತನ್ನದೇ ನಿಯಮ ಮೀರಿ ಕ್ರಮ ತೆಗೆದುಕೊಂಡಿದ್ದರೆ ಅಲ್ಲಿ ದೂರು ಕೊಡಬಹುದು. ನೀವೇ ಹಾಜರಾಗಬಹುದು, ಇಲ್ಲವೇ ನಿಮ್ಮ ಪರವಾಗಿ ಒಬ್ಬರನ್ನು ಕಳಿಸಬಹುದು. ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದೂ ಒಪ್ಪಿಗೆಯಾಗದಿದ್ದರೆ ತೀರ್ಮಾನ ಕೈಸೇರಿದ 15 ದಿನದೊಳಗೆ ಒಂಬುಡ್ಸ್‌ಪರ್ಸನ್‌ಗೆ, ಅಂದರೆ ಇಂಥ ಮೇಲ್ಮನವಿ ಕೇಳಲೆಂದೇ ನೇಮಕವಾದವರಿಗೆ, ಮೇಲ್ಮನವಿ ಸಲ್ಲಿಸಬಹುದು. ದೂರಿನಲ್ಲಿ ‘ಅನ್ಯಾಯವಾಗಿದೆ’ ಎಂದಷ್ಟೇ ಬರೆದರೆ ಸಾಲದು. ‘ಚೀಟಿಯ ಪ್ರತಿ ಕೊಡಲಿಲ್ಲ’, ‘ವಿಚಾರಣೆಗೆ ಕರೆಯಲೇ ಇಲ್ಲ’ ಎಂದು ಯಾವ ತಪ್ಪಾಯಿತೋ ಅದನ್ನೇ ಬರೆಯಿರಿ.

ಕೊನೆಗೆ ಹೈಕೋರ್ಟ್ ಇದೆ. ವಕೀಲರಿಗೆ ದುಡ್ಡಿಲ್ಲ ಎಂದು ಹಿಂದೆ ಸರಿಯಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಉಳಿದವರಲ್ಲಿ ಬಹುತೇಕರಿಗೆ ಆದಾಯದ ಮಿತಿ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೋಗುವಾಗ ನೋಟಿಸ್, ನಿಮ್ಮ ಉತ್ತರ, ಸೀಲ್ ಬಿದ್ದ ಅರ್ಜಿಗಳು, ಹಾಲ್ ಟಿಕೆಟ್, ಆದೇಶದ ಪ್ರತಿ ಇಷ್ಟನ್ನೂ ದಿನಾಂಕದ ಪ್ರಕಾರ ಜೋಡಿಸಿಕೊಂಡು ಹೋಗಿ.