ಟವರ್ ಕಂಡರೆ ಸಾಲದು, ಗುಡ್ಡೆಯ ನೆತ್ತಿಯ ಮೇಲೆ ಖಾಲಿ ಜಾಗ ಬೇಕು

ಕಾಸರಗೋಡಿನ ಬದಿಯಡ್ಕ, ಪೈವಳಿಕೆ, ಎಣ್ಮಕಜೆಯ ಒಳಭಾಗದಲ್ಲಿ ಇಂಟರ್ನೆಟ್‌ಗೆ ಫೈಬರ್ ಕೇಬಲ್ ಎಳೆಯುವುದು ಕಷ್ಟ ಎಂದಾದಲ್ಲೆಲ್ಲ ತಂತಿಯಿಲ್ಲದೆ ನೆಟ್ ತರುವ ರೇಡಿಯೊ ಲಿಂಕ್‌ನ ಮಾತು ಬರುತ್ತದೆ. ಒಂದು ಡಿಶ್ ಗುಡ್ಡೆಯ ಟವರ್‌ನಲ್ಲಿ, ಇನ್ನೊಂದು ತೋಟದ ಮನೆಯ ತಾರಸಿ ಕಂಬದಲ್ಲಿ. ಕಂಬ ಹತ್ತಿ ನೋಡುತ್ತಾರೆ, ಟವರ್ ಕಾಣುತ್ತದೆ, ಡಿಶ್ ಕಟ್ಟಿಬಿಡುತ್ತಾರೆ. ಆಟಿ ಮಳೆಯಲ್ಲಿ ನೆಟ್ ನಿಂತಾಗ ರೂಟರ್ ಬದಲಿಸುತ್ತಾರೆ. ರೂಟರ್ ಏನು ಮಾಡೀತು? ದಾರಿಯೇ ಸರಿ ಇಲ್ಲ.

ಮೊದಲ ಹಂತ ಸುಲಭ. ಎರಡೂ ತುದಿಗಳ ಅಕ್ಷಾಂಶ ರೇಖಾಂಶ ಫೋನಿನಲ್ಲಿ ಗುರುತಿಸಿಕೊಳ್ಳಿ, ಕಂಪ್ಯೂಟರಿನ ಗೂಗಲ್ ಅರ್ತ್‌ನಲ್ಲಿ ಗೆರೆ ಎಳೆದು ನಡುವಿನ ನೆಲದ ಏರಿಳಿತ ತೆರೆಯಿರಿ. ಒಂದು ಡಿಶ್‌ನಿಂದ ಇನ್ನೊಂದಕ್ಕೆ ಹೋಗುವ ನೇರ ಗೆರೆಗೆ ನೆಲ ಎಲ್ಲಿ ಹತ್ತಿರ ಬರುತ್ತದೋ ಅಲ್ಲಿ ಗುರುತು ಹಾಕಿ. ಮುಗಿಯಿತು.

ಎರಡನೆಯದರಲ್ಲೇ ಎಲ್ಲರೂ ಎಡವುವುದು. ರೇಡಿಯೊ ಅಲೆ ದಾರದಂತೆ ಹೋಗುವುದಿಲ್ಲ. ಮುಳ್ಳುಸೌತೆಯ ಹಾಗೆ ತುದಿಗಳಲ್ಲಿ ಸಪೂರ, ನಡುವೆ ದಪ್ಪ. ಈ ಭಾಗಕ್ಕೆ ಫ್ರೆನೆಲ್ ವಲಯ ಎನ್ನುತ್ತಾರೆ. ಅಡ್ಡಿ ಇರುವ ಜಾಗದಿಂದ ಎರಡೂ ತುದಿಗಳ ದೂರವನ್ನು ಕಿಲೋಮೀಟರಿನಲ್ಲಿ ಗುಣಿಸಿ. ಅದನ್ನು ಒಟ್ಟು ದೂರ ಮತ್ತು ಗಿಗಾಹರ್ಟ್ಸ್‌ನಲ್ಲಿ ಅಲೆಯ ಆವರ್ತನ (ಫ್ರೀಕ್ವೆನ್ಸಿ) ಇವೆರಡರ ಗುಣಲಬ್ಧದಿಂದ ಭಾಗಿಸಿ, ವರ್ಗಮೂಲ ತೆಗೆದು 17.32ರಿಂದ ಗುಣಿಸಿದರೆ ಆ ಜಾಗದಲ್ಲಿ ವಲಯದ ತ್ರಿಜ್ಯ ಮೀಟರಿನಲ್ಲಿ ಸಿಗುತ್ತದೆ. ಅದರ 60 ಶೇಕಡಾ ಖಾಲಿ ಇರಲೇಬೇಕು. ಗೆರೆಗೆ ಗುಡ್ಡೆಯಂಚು ಬರೀ ತಾಗುವಂತಿದ್ದರೂ, ಕಣ್ಣಿಗೆ ಟವರ್ ಚೆನ್ನಾಗಿ ಕಾಣುತ್ತಿದ್ದರೂ, ಸುಮಾರು 6 ಡೆಸಿಬಲ್ ನಷ್ಟ. ಅಂದರೆ ಬರಬೇಕಾದ ಶಕ್ತಿಯ ಕಾಲು ಭಾಗ ಮಾತ್ರ ಬರುತ್ತದೆ.

ಒಂದು ಲೆಕ್ಕ ಮಾಡೋಣ. 8 ಕಿ.ಮೀ. ಲಿಂಕ್, 5.8 ಗಿಗಾಹರ್ಟ್ಸ್. ಟವರ್‌ನ ಡಿಶ್ ಸಮುದ್ರಮಟ್ಟದಿಂದ 180 ಮೀ., ಮನೆಯದ್ದು 60 ಮೀ. ಟವರ್‌ನಿಂದ 3 ಕಿ.ಮೀ.ನಲ್ಲಿ 110 ಮೀ. ಎತ್ತರದ ಗುಡ್ಡೆ, ಅದರ ಮೇಲೆ 18 ಮೀಟರಿನ ಮರಗಳು. ಅಲ್ಲಿ ಗೆರೆಯ ಎತ್ತರ 135 ಮೀ., ಮರದ ತುದಿ 128. ಏಳು ಮೀಟರ್ ಜಾಗ ಇದೆಯಲ್ಲ, ಧಾರಾಳವಾಯಿತು ಎನ್ನಿಸುತ್ತದೆ. ಆದರೆ ತ್ರಿಜ್ಯದ 60 ಶೇಕಡಾ ಅಂದರೆ 5.9 ಮೀ., ಭೂಮಿ ಗುಂಡಗಿರುವುದರಿಂದ ನಡುವೆ ಬರುವ ಉಬ್ಬಿಗೆ ಇನ್ನೂ 0.9. ಉಳಿದದ್ದು ಒಂದು ಗೇಣು! ಮುಂದಿನ ಮಳೆಗಾಲದ ಚಿಗುರಿಗೇ ಅದು ಮುಗಿಯುತ್ತದೆ. ನನ್ನ ಪ್ರಕಾರ ಬೆಳೆಯುವ ಮರಗಳಿಗೆ 5 ಮೀ. ಹೆಚ್ಚುವರಿ ಇಡದವರು ಕಂಬ ನೆಡಲೇಬಾರದು.

ಆ 5 ಮೀಟರ್ ಗಳಿಸಲು ಮನೆಯ ಕಂಬವನ್ನೇ ಎತ್ತಿಸುವವರು ಹೆಚ್ಚು. ಈ ಉದಾಹರಣೆಯಲ್ಲಿ ಮನೆಯ ತುದಿಯನ್ನು ಒಂದು ಮೀಟರ್ ಎತ್ತಿದರೆ ಗುಡ್ಡೆಯ ಮೇಲೆ ಗೆರೆ ಏರುವುದು 37 ಸೆಂ.ಮೀ. ಮಾತ್ರ, ಟವರ್ ತುದಿಯನ್ನು ಎತ್ತಿದರೆ 62. ಮನೆಯಲ್ಲಿ 13 ಮೀ. ಏರಿಸುವ ಬದಲು ಟವರ್‌ನಲ್ಲಿ 8 ಮೀ. ಸಾಕು. ಅಡ್ಡಿಗೆ ಹತ್ತಿರದ ತುದಿಯನ್ನೇ ಎತ್ತಬೇಕು.

ವಲಯ ನಡುವೆ ದಪ್ಪ ಎಂದು ಪುಸ್ತಕ ಹೇಳುವುದು ಸರಿಯೇ. ಆದರೆ ನಮ್ಮಲ್ಲಿ ನಡುವೆ ಹೆಚ್ಚಾಗಿ ಕಣಿವೆ, ಗೆರೆ ಎಷ್ಟೋ ಮೇಲೆ ಹೋಗುತ್ತದೆ. ನನ್ನ ಅನುಭವದಲ್ಲಿ ಕೈಕೊಡುವುದು ಮನೆಯ ಪಕ್ಕದ ಅಡಕೆ ತೋಟ, ನೆರೆಯವರ ತೆಂಗು. ಮನೆಯಿಂದ 300 ಮೀ. ದೂರದಲ್ಲೂ ಗೆರೆಯ ಸುತ್ತ 2.3 ಮೀ. ಖಾಲಿ ಬೇಕು.

ಆದ್ದರಿಂದ ಮೂರನೆಯದು ನಡಿಗೆ. ನಕಾಶೆಯ ಮೇಲೆ ಪೂರ್ತಿ ಭರವಸೆ ಬೇಡ. ಲಿಂಕ್ ಯೋಜಿಸುವ ಹಲವು ತಂತ್ರಾಂಶಗಳು ಬಳಸುವ ಎಸ್‌ಆರ್‌ಟಿಎಂ ಎಂಬ ನೆಲದ ಎತ್ತರದ ಮಾಹಿತಿ 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶದಿಂದ ರಾಡಾರ್‌ನಲ್ಲಿ ಅಳೆದದ್ದು, ಸುಮಾರು 30 ಮೀಟರಿಗೊಂದು ಬಿಂದು. ಆಮೇಲೆ ಹೆದ್ದಾರಿ 66ಕ್ಕೆ ಗುಡ್ಡೆ ಕಡಿದದ್ದಾಗಲಿ, ರಬ್ಬರ್, ಅಕೇಶಿಯಾ ಎದ್ದದ್ದಾಗಲಿ ಅದಕ್ಕೆ ಗೊತ್ತಿಲ್ಲ. ಗುರುತು ಹಾಕಿದ ಗುಡ್ಡೆಗೆ ಹೋಗಿ ಮರದ ಎತ್ತರ ಅಳೆಯಿರಿ. ಸಮತಟ್ಟಿನಲ್ಲಿ ಮರದ ತುದಿ 45 ಡಿಗ್ರಿಯಲ್ಲಿ ಕಾಣುವಷ್ಟು ಹಿಂದೆ ಸರಿದು, ಬುಡದ ದೂರಕ್ಕೆ ನಿಮ್ಮ ಕಣ್ಣಿನ ಎತ್ತರ ಕೂಡಿಸಿದರಾಯಿತು. ಅಡಕೆ ಕೊಯ್ಯುವವರ ಫೈಬರ್ ದೋಟಿ ಸಿಕ್ಕಿದರೆ ಇನ್ನೂ ಒಳ್ಳೆಯದು. ಆದರೆ ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತದೆ, ಕರೆಂಟ್ ತಂತಿಯ ಹತ್ತಿರ ಎತ್ತಬೇಡಿ.

ಜನವರಿಯ ಸರ್ವೆಯನ್ನು ನಾನು ಒಪ್ಪುವುದಿಲ್ಲ. ಆಗ ರಬ್ಬರ್ ಎಲೆ ಉದುರಿಸಿ ನಿಂತಿರುತ್ತದೆ, ಕೊಂಬೆಗಳ ನಡುವೆ ಟವರ್ ಕಾಣುತ್ತದೆ. ಮಾರ್ಚ್‌ಗೆ ಹಸಿರು ಗೋಡೆ. ಮಳೆಗಾಲದ ಒದ್ದೆ ಎಲೆ ಅದಕ್ಕಿಂತಲೂ ಕಷ್ಟ. 5.8 ಗಿಗಾಹರ್ಟ್ಸ್‌ನಲ್ಲಿ ಬೀಳುವ ಮಳೆ ದೊಡ್ಡ ಅಡ್ಡಿಯಲ್ಲ. ಮಳೆಯೇ ಸಿಗ್ನಲ್ ನುಂಗುವುದು 10 ಗಿಗಾಹರ್ಟ್ಸ್ ದಾಟಿದ ಮೇಲೆ.

ಡಿಶ್ ತಿರುಗಿಸುವಾಗ ಫೋನಿನ ದಿಕ್ಸೂಚಿಯನ್ನು ಕಬ್ಬಿಣದ ಕಂಬದ ಬಳಿ ಹಿಡಿಯಬೇಡಿ, ಹತ್ತು ಹೆಜ್ಜೆ ದೂರ ನಿಲ್ಲಿ. ಸಿಕ್ಕಿದ ಸಿಗ್ನಲ್ ತಂತ್ರಾಂಶ ಲೆಕ್ಕ ಹಾಕಿ ಕೊಟ್ಟದ್ದಕ್ಕಿಂತ ಮೂರು ನಾಲ್ಕು ಡೆಸಿಬಲ್ ಕಡಿಮೆಯಾದರೆ ಚಿಂತೆಯಿಲ್ಲ. ಹತ್ತಕ್ಕಿಂತ ಹೆಚ್ಚಾದರೆ ಒಂದೋ ದಾರಿಯಲ್ಲಿ ಅಡ್ಡಿ ಇದೆ, ಇಲ್ಲವೇ ಡಿಶ್‌ನ ಮುಖ್ಯ ಕಿರಣದ ಬದಲು ಪಕ್ಕದ ಸಣ್ಣ ಕಿರಣ ಸಿಕ್ಕಿದೆ. ಪೂರ್ತಿ ತಿರುಗಿಸಿ ಮತ್ತೊಮ್ಮೆ ಹುಡುಕಿ.

ಪೆಟ್ಟಿಗೆಯ ಮೇಲಿನ ‘15 ಕಿ.ಮೀ.’ ಎಂಬ ಅಕ್ಷರ ನಂಬಿ ಕೊಳ್ಳಬೇಡಿ. ಅದು ಮರವಿಲ್ಲದ ಬಯಲಿನ ಮಾತು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಅಗ್ಗಕ್ಕೆ ಸಿಗುತ್ತದೆ, ಮುಟ್ಟಬೇಡಿ. ಹೊರಾಂಗಣದ ಶುದ್ಧ ತಾಮ್ರದ್ದೇ ಹಾಕಿ. ಎಪ್ರಿಲ್ ಸಿಡಿಲು ಶುರುವಾಗುವ ಮೊದಲು ಕಂಬಕ್ಕೆ ಅರ್ತಿಂಗ್ ಮಾಡಿಸಿ, ಕೇಬಲ್ ಮನೆಯೊಳಗೆ ಬರುವಲ್ಲಿ ಸರ್ಜ್ ಪ್ರೊಟೆಕ್ಟರ್ ಕೂರಿಸಿ.