ಹರಳು ಹಾಕಿದ ಕೋಶ ಸತ್ತಿತು, ಆದರೆ ಹೇಗೆ? ಪೈರಾಪ್ಟೋಸಿಸ್ ಅಳೆಯುವ ನನ್ನ ಕ್ರಮ

ಅಪಧಮನಿಯ ಗೋಡೆಯಲ್ಲಿ ಕೊಬ್ಬು ಸೇರಿ ಕಟ್ಟುವ ಪ್ಲಾಕ್‌ನಲ್ಲಿ ಮ್ಯಾಕ್ರೋಫೇಜ್‌ಗಳು (ಕಸ ನುಂಗುವ ರಕ್ಷಕ ಕೋಶಗಳು) ಸಾಯುತ್ತಲೇ ಇರುತ್ತವೆ. ಅಪಾಪ್ಟೋಸಿಸ್ (ಸದ್ದಿಲ್ಲದ, ಕ್ರಮಬದ್ಧ ಸಾವು) ಆದರೆ ಕೋಶ ಮುದುಡಿ, ನೆರೆಯ ಕೋಶಗಳು ಅದನ್ನು ನುಂಗಿ ಮುಗಿಸುತ್ತವೆ. ಪೈರಾಪ್ಟೋಸಿಸ್ (ಉರಿಯೂತ ಹಚ್ಚುವ ಸಾವು) ಆದರೆ ಕ್ಯಾಸ್ಪೇಸ್-1 ಎಂಬ ಕಿಣ್ವ ಗ್ಯಾಸ್ಡರ್ಮಿನ್-ಡಿ ಎಂಬ ಪ್ರೋಟೀನನ್ನು ಕತ್ತರಿಸುತ್ತದೆ, ಅದರ ತುಂಡುಗಳು ಪೊರೆಯಲ್ಲಿ ತೂತು ಮಾಡುತ್ತವೆ, ಐಎಲ್-1 ಬೀಟಾ ಎಂಬ ಸಂಕೇತ ಪ್ರೋಟೀನ್ ಹೊರಬಿದ್ದು ಉರಿಯೂತ ಹಬ್ಬುತ್ತದೆ. ಕೊಲೆಸ್ಟರಾಲ್ ಹರಳುಗಳು ಎನ್‌ಎಲ್‌ಆರ್‌ಪಿ3 (ಕೋಶದೊಳಗೆ ಅಪಾಯ ಗುರುತಿಸುವ ಪ್ರೋಟೀನ್) ಮೂಲಕ ಈ ದಾರಿ ತೆರೆಯುತ್ತವೆ ಎಂದು 2010ರಲ್ಲೇ ತೋರಿಸಲಾಗಿದೆ.

ಹರಳನ್ನು ನಾನೇ ಮಾಡಿಕೊಳ್ಳುತ್ತೇನೆ. 1-ಪ್ರೊಪನಾಲ್‌ನಲ್ಲಿ ಮಿಲಿಲೀಟರಿಗೆ 2 ಮಿಲಿಗ್ರಾಂ ಕೊಲೆಸ್ಟರಾಲ್ ಕರಗಿಸಿ, ಒಂದೂವರೆ ಪಟ್ಟು ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಇಲ್ಲದ ನೀರು ಸೇರಿಸಿ 15 ನಿಮಿಷ ಬಿಟ್ಟರೆ ಹರಳುಗಟ್ಟುತ್ತದೆ. ಸೆಂಟ್ರಿಫ್ಯೂಜ್ ಮಾಡಿ, ಪೂರ್ತಿ ಒಣಗಿಸಬೇಕು. ಪ್ರೊಪನಾಲ್ ಉಳಿದರೆ ಅದೇ ಕೋಶಗಳನ್ನು ಕೊಲ್ಲುತ್ತದೆ.

ಇಲಿಯ ಮೂಳೆಮಜ್ಜೆಯಿಂದ 7 ದಿನ ಬೆಳೆಸಿದ ಮ್ಯಾಕ್ರೋಫೇಜ್‌ಗಳಿಗೆ ಎಲ್‌ಪಿಎಸ್ (ಎಂಡೋಟಾಕ್ಸಿನ್ನೇ; ಕೋಶಗಳನ್ನು ಸಜ್ಜುಗೊಳಿಸಲು) 100 ನ್ಯಾನೋಗ್ರಾಂ/ಮಿಲಿಲೀಟರ್, 4 ಗಂಟೆ. ಆಮೇಲೆ ಸೀರಮ್ ಇಲ್ಲದ ಮಾಧ್ಯಮಕ್ಕೆ ಬದಲಿಸಿ ಹರಳು 1 ಮಿಲಿಗ್ರಾಂ/ಮಿಲಿಲೀಟರ್, ರಾತ್ರಿಯಿಡೀ. ಸಾವನ್ನು ಅಳೆಯುವುದು ಎಲ್‌ಡಿಎಚ್‌ನಿಂದ (ಪೊರೆ ಒಡೆದ ಕೋಶದಿಂದ ಸೋರುವ ಕಿಣ್ವ); ಸೀರಮ್‌ನಲ್ಲೇ ಅದು ಇರುವುದರಿಂದ ಈ ಬದಲಾವಣೆ ಬಿಟ್ಟರೆ ಲೆಕ್ಕ ಕೆಡುತ್ತದೆ. ಜೊತೆಗೆ ಹೋಲಿಕೆಗೆ ಬೇರೆ ಬಾವಿಗಳು (ತಟ್ಟೆಯ ಗುಳಿಗಳು): ಎನ್‌ಎಲ್‌ಆರ್‌ಪಿ3ಯನ್ನು ಖಚಿತವಾಗಿ ಎಬ್ಬಿಸುವ ನೈಜೆರಿಸಿನ್ 10 ಮೈಕ್ರೋಮೋಲಾರ್ (1 ಗಂಟೆ), ಎಲ್‌ಪಿಎಸ್ ಮಾತ್ರ, ಹರಳು ಮಾತ್ರ, ಮತ್ತು ಹರಳಿಗೆ 30 ನಿಮಿಷ ಮೊದಲು ಎನ್‌ಎಲ್‌ಆರ್‌ಪಿ3ಯನ್ನು ತಡೆಯುವ ಎಂಸಿಸಿ950 10 ಮೈಕ್ರೋಮೋಲಾರ್. ‘ಹರಳು ಮಾತ್ರ’ ಬಾವಿಯಲ್ಲೇ ಐಎಲ್-1 ಬೀಟಾ ಕಂಡರೆ ಹರಳಿಗೆ ಎಂಡೋಟಾಕ್ಸಿನ್ ಸೇರಿದೆ. ಆ ಕಂತಿನ ಹರಳನ್ನು ಚೆಲ್ಲಿಬಿಡಿ.

ಎಲ್‌ಡಿಎಚ್ ಓದುವ ಮೊದಲು ತಟ್ಟೆಯನ್ನು 250 ಜಿ ವೇಗದಲ್ಲಿ 5 ನಿಮಿಷ ತಿರುಗಿಸಿ. ತೇಲುವ ಹರಳು ಬೆಳಕನ್ನು ಚದುರಿಸಿ ಸುಳ್ಳು ಏರಿಕೆ ಕೊಡುತ್ತದೆ. ಎಲ್‌ಡಿಎಚ್ ಏರಿದ್ದು ಕಂಡ ಕೂಡಲೇ ಪೈರಾಪ್ಟೋಸಿಸ್ ಎಂದು ಬರೆದುಬಿಡುವ ಚಾಳಿ ನನಗೆ ಒಪ್ಪಿಗೆಯಿಲ್ಲ. ಪೊರೆ ಒಡೆದಿದೆ ಎಂದಷ್ಟೇ ಅದರ ಅರ್ಥ. ನೆಕ್ರಾಪ್ಟೋಸಿಸ್‌ನಲ್ಲೂ (ಪೊರೆ ಒಡೆಯುವ ಇನ್ನೊಂದು ಬಗೆಯ ಸಾವು) ಏರುತ್ತದೆ, ಅಪಾಪ್ಟೋಸಿಸ್ ಆದ ಕೋಶ ಹಾಗೇ ಬಿದ್ದಿದ್ದರೂ ಏರುತ್ತದೆ. 5 ಮಿಲಿಮೋಲಾರ್ ಗ್ಲೈಸಿನ್ ಹಾಕಿದ ಒಂದು ಬಾವಿ ಇಡಿ: ಕೊನೆಯ ಒಡೆತ ನಿಂತು ಎಲ್‌ಡಿಎಚ್ ಇಳಿಯುತ್ತದೆ, ಗ್ಯಾಸ್ಡರ್ಮಿನ್ ತೂತಿನಿಂದ ಐಎಲ್-1 ಬೀಟಾ ಮಾತ್ರ ಬರುತ್ತಲೇ ಇರುತ್ತದೆ.

ತೀರ್ಪು ಕೊಡುವುದು ಬ್ಲಾಟ್, ಅಂದರೆ ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸಿ ಪಟ್ಟಿಗಳಾಗಿ ತೋರಿಸುವ ಪರೀಕ್ಷೆ. ಸತ್ತ ಕೋಶಗಳು ತೇಲುವುದರಿಂದ ತಳದವನ್ನು ಮಾತ್ರ ಕರಗಿಸಿದರೆ ಬೇಕಾದದ್ದೇ ಕೈತಪ್ಪುತ್ತದೆ. 500 ಮೈಕ್ರೋಲೀಟರ್ ಮೇಲ್ದ್ರವಕ್ಕೆ ಅಷ್ಟೇ ಮೆಥನಾಲ್, 125 ಮೈಕ್ರೋಲೀಟರ್ ಕ್ಲೋರೋಫಾರ್ಮ್ ಹಾಕಿ ಪ್ರೋಟೀನ್ ಇಳಿಸಿ, ಕೋಶದ ದ್ರಾವಣದ ಜೊತೆ ಓಡಿಸಿ. ಇಡೀ ಗ್ಯಾಸ್ಡರ್ಮಿನ್-ಡಿ ಸುಮಾರು 53 ಕಿಲೋಡಾಲ್ಟನ್, ತೂತು ಮಾಡುವ ತುಂಡು ಸುಮಾರು 30. 43ರ ಹತ್ತಿರ ಪಟ್ಟಿ ಕಂಡರೆ ಹಿಗ್ಗಬೇಡಿ: ಅದು ಇನ್ನೊಂದು ಕಿಣ್ವ ಕ್ಯಾಸ್ಪೇಸ್-3 ಕತ್ತರಿಸಿದ, ತೂತು ಮಾಡಲಾಗದ ತುಂಡು, ಅಂದರೆ ಅಪಾಪ್ಟೋಸಿಸ್ ಗುರುತು. ಹರಳು ಹಾಕಿ ಹೆಚ್ಚು ಹೊತ್ತು ಬಿಟ್ಟಾಗ ಎರಡೂ ಪಟ್ಟಿ ಒಟ್ಟಿಗೆ ಕಾಣಬಹುದು. ಆಗ ಯಾವುದು ಮೊದಲು ಬಂತೆಂದು ನೋಡಲು 6 ಗಂಟೆಯ ಮಾದರಿಯನ್ನೂ ಓಡಿಸುತ್ತೇನೆ.

2017ರಲ್ಲಿ ಪ್ರಕಟವಾದ, ರೋಗಿಗಳ ಮೇಲಿನ ಕ್ಯಾಂಟೋಸ್ ಪ್ರಯೋಗದಲ್ಲಿ ಕ್ಯಾನಕಿನುಮ್ಯಾಬ್ ಎಂಬ ಔಷಧ ಐಎಲ್-1 ಬೀಟಾವನ್ನು ತಡೆದು ಹೃದಯಾಘಾತದಂಥ ಘಟನೆಗಳನ್ನು ಇಳಿಸಿತು, ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟರಾಲ್) ಇಳಿಸದೆಯೇ. ಅದನ್ನು ಪೈರಾಪ್ಟೋಸಿಸ್‌ಗೆ ಪುರಾವೆಯಾಗಿ ಎಳೆದು ತರುವುದು ಸರಿಯಲ್ಲ: ಬದುಕಿರುವ ಕೋಶವೂ ಐಎಲ್-1 ಬೀಟಾ ಬಿಡಬಲ್ಲದು.