ಡ್ರಮ್ ಮಿಕ್ಸಿಂಗ್‌ನಲ್ಲಿ ಪ್ಲೇಟ್ ರಿವರ್ಬ್ ಪ್ಲಗಿನ್ ಬಳಸುವುದು ಹೇಗೆ?

ಧ್ವನಿಮುದ್ರಣ ತಂತ್ರಾಂಶದೊಳಗೆ ಸೇರಿಕೊಂಡು ಧ್ವನಿಗೆ ಅನುರಣನ (ರಿವರ್ಬ್) ಕೊಡುವ ಪ್ಲೇಟ್ ರಿವರ್ಬ್ ಪ್ಲಗಿನ್ ತೆರೆದವರು ಮೊದಲು ಪ್ರೀಸೆಟ್, ಅಂದರೆ ಸಿದ್ಧ ಹೊಂದಾಣಿಕೆ, ಹುಡುಕತೊಡಗುತ್ತಾರೆ. ಆದರೆ ಈ ತಂತ್ರಾಂಶ ಅನುಕರಿಸುವುದು ಯಾವುದೋ ಸಭಾಂಗಣವನ್ನಲ್ಲ, ಚೌಕಟ್ಟಿನಲ್ಲಿ ಬಿಗಿದು ತೂಗುಹಾಕಿದ ಉಕ್ಕಿನ ತಗಡನ್ನು. ಆ ತಗಡು ಹೇಗೆ ಕೆಲಸ ಮಾಡುತ್ತಿತ್ತು ಎಂದು ತಿಳಿದವರಿಗೆ ಪ್ರೀಸೆಟ್‌ಗಳ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಬಹುತೇಕ ಪ್ಲಗಿನ್‌ಗಳ ಮೂಲ ಜರ್ಮನಿಯ ಇಎಂಟಿ ಸಂಸ್ಥೆ 1957ರಲ್ಲಿ ಹೊರತಂದ ಇಎಂಟಿ 140. ಸುಮಾರು 2 ಮೀಟರ್ ಉದ್ದ, 1 ಮೀಟರ್ ಎತ್ತರ ಮತ್ತು ಕೇವಲ ಅರ್ಧ ಮಿಲಿಮೀಟರ್ ದಪ್ಪದ ತಗಡನ್ನು ಅದರಲ್ಲಿ ಕೊಳವೆಗಳ ಚೌಕಟ್ಟಿಗೆ ಎಳೆದು ಕಟ್ಟಲಾಗಿತ್ತು. ಒಂದು ಡ್ರೈವರ್ ತಗಡನ್ನು ನಡುಗಿಸುತ್ತಿತ್ತು, ದೂರದಲ್ಲಿದ್ದ ಪಿಕಪ್ ಆ ಕಂಪನವನ್ನು ಮತ್ತೆ ವಿದ್ಯುತ್ ಸಂಕೇತವಾಗಿಸುತ್ತಿತ್ತು. ಸ್ಟೀರಿಯೊ ಮಾದರಿಯಲ್ಲಿ ಪಿಕಪ್‌ಗಳು ಎರಡು. ತಗಡಿನ ಪಕ್ಕದಲ್ಲಿದ್ದ ಡ್ಯಾಂಪರ್ ಹಲಗೆಯನ್ನು ಹತ್ತಿರ ತಂದರೆ ಅನುರಣನ ಬೇಗ ಅಡಗುತ್ತಿತ್ತು, ದೂರ ಸರಿಸಿದರೆ ಹಲವು ಸೆಕೆಂಡುಗಳವರೆಗೆ ಉಳಿಯುತ್ತಿತ್ತು.

ಡ್ರಮ್‌ಗೆ ಇದು ಒಗ್ಗಿದ್ದಕ್ಕೆ ಭೌತಿಕ ಕಾರಣವಿದೆ. ಕೋಣೆಯಲ್ಲಿ ಗೋಡೆಗಳಿಂದ ಬರುವ ಮೊದಲ ಪ್ರತಿಫಲನಗಳು ಬಿಡಿಬಿಡಿಯಾಗಿದ್ದು, ಅವುಗಳಿಂದಲೇ ಕಿವಿಯು ಕೋಣೆಯ ಅಳತೆಯನ್ನು ಊಹಿಸುತ್ತದೆ. ತೆಳುವಾದ ತಗಡಿನಲ್ಲಿಯಾದರೋ ಹೆಚ್ಚಿನ ಆವರ್ತನದ ಅಲೆಗಳು ಕಡಿಮೆ ಆವರ್ತನದವುಗಳಿಗಿಂತ ವೇಗವಾಗಿ ಸಾಗುವುದರಿಂದ ಒಂದೇ ಪೆಟ್ಟು ಹರಡಿಕೊಂಡು ಪಿಕಪ್ ತಲುಪುತ್ತದೆ, ಮತ್ತು ಪ್ರತಿಫಲನಗಳು ಕ್ಷಣಾರ್ಧದಲ್ಲಿ ದಟ್ಟವಾಗುತ್ತವೆ. ಹೀಗಾಗಿ ಸ್ನೇರ್‌ಗೆ (ಚುರುಕಾಗಿ ಸಿಡಿಯುವ ಡ್ರಮ್) ಹೊಳಪುಳ್ಳ ಬಾಲ, ಅಂದರೆ ಪೆಟ್ಟಿನ ನಂತರ ಉಳಿಯುವ ಅನುರಣನ, ದೊರೆಯುತ್ತದೆಯೇ ಹೊರತು ಅದು ಇಂಥ ಕೋಣೆಯಲ್ಲಿದೆ ಎಂಬ ಭಾವನೆ ಮೂಡುವುದಿಲ್ಲ.

ತಂತ್ರಾಂಶ ಈ ನಡವಳಿಕೆಯನ್ನು ಮೂರು ಬಗೆಯಲ್ಲಿ ಮರುಸೃಷ್ಟಿಸುತ್ತದೆ. ಕಾನ್ವಲ್ಯೂಶನ್ ಪದ್ಧತಿಯಲ್ಲಿ ನಿಜವಾದ ತಗಡಿನ ಇಂಪಲ್ಸ್ ರೆಸ್ಪಾನ್ಸ್ (ಒಂದು ಚಿಕ್ಕ ಸದ್ದಿಗೆ ಅದು ಕೊಡುವ ಪ್ರತಿಕ್ರಿಯೆ) ಧ್ವನಿಮುದ್ರಿಸಿ, ಅದರ ಮೂಲಕ ನಮ್ಮ ಡ್ರಮ್ ಹಾಯಿಸಲಾಗುತ್ತದೆ. ಇದು ಮೂಲಕ್ಕೆ ಬಹಳ ನಿಷ್ಠ, ಆದರೆ ಒಂದು ಮುದ್ರಣ ಡ್ಯಾಂಪರ್‌ನ ಒಂದೇ ಸ್ಥಾನವನ್ನು ಹಿಡಿದಿರುತ್ತದೆ, ಆಂಪ್ಲಿಫೈಯರ್‌ನ ವಿರೂಪವೂ ಅದರಲ್ಲಿ ಸರಿಯಾಗಿ ಸೇರುವುದಿಲ್ಲ. ಅಲ್ಗಾರಿದಂ ಪದ್ಧತಿ ವಿಳಂಬಗಳ ಜಾಲದಿಂದ ತಗಡಿನ ದಟ್ಟಣೆಯನ್ನು ಹೋಲುವ ನಾದವನ್ನು ಕಟ್ಟುತ್ತದೆ. ಮೂರನೆಯದು ತಗಡಿನ ಕಂಪನದ ಸಮೀಕರಣಗಳನ್ನೇ ಲೆಕ್ಕಹಾಕುತ್ತದೆ, ಪ್ರೊಸೆಸರ್‌ನ ಮೇಲೆ ಹೆಚ್ಚಿನ ಹೊರೆಯನ್ನೂ ಹೇರುತ್ತದೆ. ಒಂದೇ ಮಾದರಿಯ ಎರಡು ತಗಡುಗಳೂ ಒಂದೇ ರೀತಿ ನುಡಿಯುವುದಿಲ್ಲವಾದ್ದರಿಂದ, ಯೂನಿವರ್ಸಲ್ ಆಡಿಯೊದ ಇಎಂಟಿ 140 ಪ್ಲಗಿನ್ ಕ್ಯಾಲಿಫೋರ್ನಿಯಾದ ಸಾಸಲಿಟೊದಲ್ಲಿನ ದಿ ಪ್ಲಾಂಟ್ ಸ್ಟುಡಿಯೊದ ಮೂರು ತಗಡುಗಳನ್ನು ಪ್ರತ್ಯೇಕವಾಗಿಯೇ ಒದಗಿಸುತ್ತದೆ. ಡ್ರಮ್‌ನ ಮಟ್ಟಿಗೆ, ಯಾವ ಪದ್ಧತಿ ಎಂಬುದಕ್ಕಿಂತ ಡ್ಯಾಂಪರ್‌ನ ಹೊಂದಾಣಿಕೆಯೇ ಹೆಚ್ಚು ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಮೊದಲ ಹೆಜ್ಜೆಯಾಗಿ ಪ್ಲಗಿನ್ ಅನ್ನು ಸ್ನೇರ್ ಟ್ರ್ಯಾಕ್‌ನ ಮೇಲೆ ನೇರವಾಗಿ ಹಾಕದೆ, ಒಂದು ಆಕ್ಸ್ ಟ್ರ್ಯಾಕ್‌ನಲ್ಲಿ (ಪರಿಣಾಮಕ್ಕೆಂದೇ ಇರುವ ಪ್ರತ್ಯೇಕ ಟ್ರ್ಯಾಕ್) ಇರಿಸಿ, ಅನುರಣನ ಮಾತ್ರ ಕೇಳುವಂತೆ ಮಿಕ್ಸ್ ನಾಬನ್ನು ಶೇಕಡ 100ಕ್ಕೆ ತಿರುಗಿಸಿ, ಸ್ನೇರ್‌ನಿಂದ ಅಲ್ಲಿಗೆ ಸೆಂಡ್ ಕೊಡಿ, ಅಂದರೆ ಅದರ ಧ್ವನಿಯ ಒಂದು ಪ್ರತಿಯನ್ನು ಕಳುಹಿಸಿ. ಧ್ವನಿ ಪ್ಲಗಿನ್ ತಲುಪುವ ಮೊದಲೇ ಒಂದು ಇಕ್ಯೂ (ಆವರ್ತನಗಳನ್ನು ಏರಿಳಿಸುವ ಸಾಧನ) ಇಟ್ಟು, ಸುಮಾರು 600 ಹರ್ಟ್ಜ್‌ಗಿಂತ ಕೆಳಗಿನದನ್ನೂ 10 ಕಿಲೊಹರ್ಟ್ಜ್‌ಗಿಂತ ಮೇಲಿನದನ್ನೂ ಕತ್ತರಿಸಿ. ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೊದ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಈ ರೂಢಿಯಿಂದ ಸ್ನೇರ್ ಮೈಕ್‌ಗೆ ನುಸುಳಿದ ಕಿಕ್‌ನ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಗದ್ದಲ ತಗಡನ್ನು ಮುಟ್ಟುವುದೇ ಇಲ್ಲ.

ಅನಂತರ ಡ್ಯಾಂಪರ್, ಅಂದರೆ ಪ್ಲಗಿನ್‌ನಲ್ಲಿ ಅನುರಣನದ ಅವಧಿಯನ್ನು ಹೊಂದಿಸುವ ನಾಬ್. ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ ಒಂದು ಬೀಟ್ 500 ಮಿಲಿಸೆಕೆಂಡ್. ಸ್ನೇರ್ ಎರಡನೆಯ ಮತ್ತು ನಾಲ್ಕನೆಯ ಬೀಟ್‌ಗೆ ಬಿದ್ದರೆ ಪೆಟ್ಟುಗಳ ನಡುವೆ 1 ಸೆಕೆಂಡ್ ಅಂತರವಿರುತ್ತದೆ. ಹಾಗೆಂದು ನಾಬನ್ನು 1 ಸೆಕೆಂಡಿಗೆ ಇಡಬೇಕಾಗಿಲ್ಲ. ಅಲ್ಲಿ ನಮೂದಿಸುವ ಅವಧಿ ಧ್ವನಿ 60 ಡೆಸಿಬೆಲ್ ಇಳಿಯುವವರೆಗಿನದು, ಗಿಟಾರ್ ಮತ್ತು ಬಾಸ್ ನುಡಿಯುತ್ತಿರುವಾಗ ಅದರ ಅರ್ಧದಷ್ಟು ಇಳಿಯುವಷ್ಟರಲ್ಲೇ ಬಾಲ ಮರೆಯಾಗಿಬಿಡುತ್ತದೆ. ಆದ್ದರಿಂದ 1.5ರಿಂದ 2 ಸೆಕೆಂಡಿನಲ್ಲಿ ಆರಂಭಿಸಿ, ಮುಂದಿನ ಪೆಟ್ಟು ಮಸುಕಾಗದಂತೆ ಹೊಂದಿಸಿಕೊಳ್ಳಿ.

ಮೂಲ ಯಂತ್ರದಲ್ಲಿ ಪ್ರಿಡಿಲೇ (ಪೆಟ್ಟಿಗೂ ಅನುರಣನದ ಆರಂಭಕ್ಕೂ ನಡುವಿನ ವಿಳಂಬ) ಇರಲಿಲ್ಲ. ಬೇಕೆನಿಸಿದಾಗ ಎಂಜಿನಿಯರ್‌ಗಳು ಟೇಪ್ ಯಂತ್ರವನ್ನು ನಡುವೆ ಜೋಡಿಸಿ, ಅದರ ರೆಕಾರ್ಡ್ ಮತ್ತು ಪ್ಲೇಬ್ಯಾಕ್ ಹೆಡ್‌ಗಳ ಅಂತರದಿಂದ ವಿಳಂಬವನ್ನು ಪಡೆಯುತ್ತಿದ್ದರು. ಪ್ಲಗಿನ್‌ನಲ್ಲಿ 10ರಿಂದ 30 ಮಿಲಿಸೆಕೆಂಡ್ ಕೊಟ್ಟರೆ ಕಡ್ಡಿಯ ಪೆಟ್ಟು ಸ್ಪಷ್ಟವಾಗಿ ಕೇಳಿಸಿ, ಅನುರಣನ ಅದರ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ.

ಟಾಮ್‌ಗಳಿಗೆ ಸ್ವಲ್ಪ ಸೆಂಡ್ ಸಾಕು, ಕಿಕ್‌ಗೆ ಬೇಡ. ಡ್ರಮ್‌ಗಳ ಮೇಲೆ ತೂಗುವ ಓವರ್‌ಹೆಡ್ ಮೈಕ್‌ಗಳಿಗೆ ಕೊಡುವುದಾದರೆ ಸಿಂಬಲ್‌ಗಳು ಹಿಸ್ ಎನ್ನತೊಡಗಿದೊಡನೆ ತಗ್ಗಿಸಿ. ಕೊನೆಯಲ್ಲಿ ಸೋಲೊ (ಒಂದೇ ಟ್ರ್ಯಾಕನ್ನು ಕೇಳಿಸುವ ಗುಂಡಿ) ಬಿಟ್ಟು ಇಡೀ ಹಾಡನ್ನು ನುಡಿಸಿ, ಹಾಡಿನ ಅಂತಿಮ ಹೊರಹರಿವಾದ ಮಾಸ್ಟರ್ ಅನ್ನು ಮೋನೋಗೆ (ಎಡಬಲ ಎರಡೂ ಒಂದಾಗುವಂತೆ) ಬದಲಿಸಿ ಕೇಳಿ. ಎರಡು ಪಿಕಪ್‌ಗಳ ವ್ಯತ್ಯಾಸದಿಂದ ಹುಟ್ಟಿದ ಅಗಲ ಅಲ್ಲಿ ಕುಸಿಯುವುದರಿಂದ ಬಾಲ ತೆಳ್ಳಗಾದಂತೆ ತೋರಬಹುದು. ಆಗ ಆಕ್ಸ್ ಫೇಡರನ್ನು ಒಂದೆರಡು ಡೆಸಿಬೆಲ್ ಏರಿಸಿ, ಮತ್ತೆ ಸ್ಟೀರಿಯೊಗೆ ಮರಳಿದಾಗ ಅದು ಅತಿಯಾಗಿಲ್ಲವೆಂದು ಖಚಿತಪಡಿಸಿಕೊಳ್ಳಿ.